ಮಧ್ಯದ ಸಾಲಿನ ಇಲಿಗಳು

"ಕೈಗವಸು ಹಾಕ್ಕೊಳ್ಳಿ ಸರ್. ಕಚ್ಚಿದ್ರೆ ಆಮೇಲೆ ನನ್ನ ಮೇಲೆ ಹೇಳಬೇಡಿ," ಎಂದ ಪಂಜರ ತೊಳೆಯುವವನು. ಹೇಳಿದ್ದು ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ. ಒರಗಲು ಏನಾದರೊಂದು ಸಿಕ್ಕಿದರೆ ನೆಟ್ಟಗೆ ನಿಲ್ಲುವ ಆಸಾಮಿಯಲ್ಲ ಅವನು.

ಇನ್ಸ್‌ಪೆಕ್ಟರ್ ಅಷ್ಟರಲ್ಲಿ ಬಲಸಾಲಿನ ಪಂಜರವೊಂದರೊಳಗೆ ಬರಿಗೈಯನ್ನೇ ಇಳಿಬಿಟ್ಟಾಗಿತ್ತು. ತಳಕ್ಕೆ ಹಾಸಿದ್ದ ಮರದ ಹೊಟ್ಟು ಒದ್ದೆಮುದ್ದೆ. ಬೆಳಿಗ್ಗೆಯಷ್ಟೇ ಬದಲಾಯಿಸಿದ್ದಂತೆ, ಮಧ್ಯಾಹ್ನಕ್ಕೆಲ್ಲ ಈ ಗತಿ. ಬಿಳಿ ಇಲಿಯೊಂದು ಅವನ ಬೆರಳು ಮೂಸಿತು, ಇವನಿಂದ ತನಗೇನೂ ಆಗಬೇಕಾದ್ದಿಲ್ಲ ಎಂದುಕೊಂಡು ತಿರುಗಿ ನೀರಿನ ಬಾಟಲಿಯ ಕೊಳವೆಗೆ ಬಾಯಿ ಹಚ್ಚಿತು. ಹಚ್ಚಿದ ಬಾಯಿ ತೆಗೆಯಲೇ ಇಲ್ಲ.

ಅವನು ಕರವಸ್ತ್ರದಿಂದ ಕೈ ಒರೆಸಿಕೊಂಡ. ಆಮೇಲೆ ಆ ನಾರುವ ಕರವಸ್ತ್ರವನ್ನು ಏನು ಮಾಡುವುದೆಂದು ತೋಚದೆ ಮತ್ತೆ ಜೇಬಿಗೇ ತುರುಕಿದ. ಇಂಥ ಸಣ್ಣಪುಟ್ಟದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಈ ಪ್ರಾಣಿಗೃಹದ ಪಶುವೈದ್ಯರು ಹಿಂಬದಿಯ ಮೆಟ್ಟಿಲಿನಿಂದ ಉರುಳಿ ಸತ್ತು ವಾರವಾಗುತ್ತ ಬಂದಿತ್ತು. ಕಾಲು ಜಾರಿತು ಪಾಪ, ಎಂದು ಸಂಶೋಧನಾ ಸಂಸ್ಥೆಯವರೆಲ್ಲ ಒಂದೇ ಬಾಯಲ್ಲಿ ಹೇಳಿ ಕೈ ತೊಳೆದುಕೊಂಡಿದ್ದರು. ಇವನೂ ಹಾಗೇ ಬರೆದು ಮುಗಿಸುತ್ತಿದ್ದನೇನೋ, ಸತ್ತವರ ಬಿಳಿ ಕೋಟಿನ ಎರಡು ಜೇಬಿನಲ್ಲಿ ಎರಡು ಪ್ಲಾಸ್ಟಿಕ್ ಚೀಲ ಸಿಗದೇ ಹೋಗಿದ್ದರೆ.

ಎರಡರಲ್ಲೂ ಮರದ ಹೊಟ್ಟು. ಒಂದರಲ್ಲಿದ್ದದ್ದು ಗಟ್ಟಿಯಾಗಿ ಅಂಟಿಕೊಂಡು ಮೂಗಿಗೆ ಹಿಡಿಯಲಾರದಷ್ಟು ನಾರುತ್ತಿತ್ತು. ಇನ್ನೊಂದರಲ್ಲಿದ್ದದ್ದು ಬೆಳ್ಳಗೆ, ಹಗುರವಾಗಿ, ಬಡಗಿಯ ಅಂಗಡಿಯಿಂದ ಈಗಷ್ಟೇ ತಂದ ಹಾಗೆ. ಠಾಣೆಯಲ್ಲಿ ಅದನ್ನು ನೋಡಿ ನಕ್ಕವರೇ ಎಲ್ಲ. ದೊಡ್ಡ ಓದು ಓದಿದವರ ಜೇಬಲ್ಲಿ ಏನೇನೋ ಇರುತ್ತೆ ಬಿಡಿ ಸರ್, ಎಂದು ಜೀಪಿನ ಡ್ರೈವರ್ ಸಮಾಧಾನ ಹೇಳಿದ್ದ. ಇನ್ಸ್‌ಪೆಕ್ಟರಿಗೆ ಸಮಾಧಾನವಾಗಿರಲಿಲ್ಲ. ಮನುಷ್ಯ ಕೊಳಕನ್ನು ಜೇಬಿಗೆ ಹಾಕಿಕೊಳ್ಳುವುದು ಯಾರಿಗೋ ತೋರಿಸುವುದಿದ್ದಾಗ ಮಾತ್ರ.

ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯುದ್ದಕ್ಕೂ ಮೂರು ಕಬ್ಬಿಣದ ಚರಣಿಗೆ, ಒಂದೊಂದರಲ್ಲೂ ತಂತಿ ಮುಚ್ಚಳದ ಪ್ಲಾಸ್ಟಿಕ್ ಪಂಜರಗಳ ಸಾಲು. ಮೊದಲ ದಿನವೇ ಅವನಿಗೆ ಪಾಠ ಆಗಿತ್ತು. ಎಡಸಾಲಿನವು ಆರೋಗ್ಯವಂತ ಇಲಿಗಳು. ಮಧ್ಯದ ಸಾಲು ಮತ್ತು ಬಲಸಾಲಿನವಕ್ಕೆ ಒಂದು ಚುಚ್ಚುಮದ್ದು ಕೊಟ್ಟು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನೇ ಕೊಂದು, ಬೇಕೆಂದೇ ಸಕ್ಕರೆ ಕಾಯಿಲೆ ಬರಿಸಿರುತ್ತಾರೆ. ಕೆಲವು ವಾರ ಕಳೆದರೆ ಮನುಷ್ಯರಿಗೆ ಆಗುವುದೇ ಅವಕ್ಕೂ ಆಗುತ್ತದೆ: ಪಾದದ ನರ ಸಾಯುತ್ತದೆ, ಸಣ್ಣ ಗಾಯವೂ ಮಾಯುವುದಿಲ್ಲ. ಆಮೇಲೆ ಮಧ್ಯದ ಸಾಲಿಗೆ ಮಾತ್ರ ಹೊಸ ಔಷಧಿ. ಬಲಸಾಲಿಗೆ ಏನೂ ಇಲ್ಲ. ಅವು ಸುಮ್ಮನೆ ನರಳಿ, ಔಷಧಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸಿಕೊಡಬೇಕು. ಮಧ್ಯದ ಸಾಲಿನ ಇಲಿಗಳ ಗಾಯ ಮಾದು, ಸತ್ತ ನರ ಮತ್ತೆ ಚಿಗುರಿದ್ದನ್ನು ಪತ್ರಿಕೆಗಳೆಲ್ಲ ದೊಡ್ಡಕ್ಷರದಲ್ಲಿ ಬರೆದಿದ್ದವು.

ಅದನ್ನು ಓದಿದವರಲ್ಲಿ ಇನ್ಸ್‌ಪೆಕ್ಟರನ ಅಕ್ಕನೂ ಒಬ್ಬಳು.

ಅಕ್ಕ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಅಮ್ಮ ಹೋದಾಗ ಇವನಿನ್ನೂ ಮಗ್ಗಿ ಕಲಿಯುವ ವಯಸ್ಸಿನವನು. ಅಂದಿನಿಂದ ಹೊಲಿಗೆ ಯಂತ್ರದ ಪೆಡಲ್ ತುಳಿದ ಕಾಲು ಇತ್ತೀಚಿನವರೆಗೂ ನಿಂತಿರಲಿಲ್ಲ. ಒಂದು ದಿನ ಮುರಿದ ಸೂಜಿಯ ತುಂಡು ಅಂಗಾಲಿಗೆ ಹೊಕ್ಕಿದೆ, ಅವಳಿಗೆ ಗೊತ್ತೇ ಆಗಿಲ್ಲ. ಹೊಲಿದು ಮುಗಿಸಿ, ಎದ್ದು ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ, ಯಾರದಪ್ಪಾ ಇದು ಎಂದು ಹುಡುಕಾಡಿದ್ದಳಂತೆ. ಆ ಗಾಯ ಈಗ ಬೆರಳುಗಳ ಬುಡ ಮುಟ್ಟಿತ್ತು. ಶಸ್ತ್ರವೈದ್ಯರು ಖಡಾಖಂಡಿತ ಹೇಳಿದ್ದರು: ಈಗ ಬಂದರೆ ಪಾದದ ಮುಂಭಾಗ ಹೋಗುತ್ತದೆ, ತಡಮಾಡಿದರೆ ಮಂಡಿಯವರೆಗೆ ಹೋಗುತ್ತದೆ, ಇನ್ನೂ ತಡಮಾಡಿದರೆ ನನ್ನ ಹತ್ತಿರ ಬರಬೇಡಿ.

ಅಕ್ಕ ಒಪ್ಪಲಿಲ್ಲ. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಇದೇ ಸಂಸ್ಥೆ ರೋಗಿಗಳನ್ನು ಸೇರಿಸಿಕೊಳ್ಳುತ್ತಿತ್ತು. ತನ್ನನ್ನೂ ಸೇರಿಸು ಎಂದು ಹಟ ಹಿಡಿದಳು. ಪಶುವೈದ್ಯರು ಸಾಯುವುದಕ್ಕೆ ಕೆಲವೇ ದಿನ ಮೊದಲು ಅವಳನ್ನು ಕರೆತಂದು, ಮನೆಯವರು ಎಂಬಲ್ಲಿ ಸಹಿ ಹಾಕಿದ್ದು ಇವನೇ. ಹತ್ತು ದಿನಕ್ಕೊಂದು ಚುಚ್ಚುಮದ್ದು, ಮೊದಲನೆಯದು ಆಗಿತ್ತು. ಈ ಕೊಲೆಯ ಸಂಶಯಕ್ಕಿಂತ ಹೆಚ್ಚಾಗಿ ಅವನನ್ನು ಇಲ್ಲಿಗೆ ಎಳೆದು ತರುತ್ತಿದ್ದದ್ದು ಆ ಸಹಿ ಎನ್ನುವುದು ಅವನಿಗೂ ಗೊತ್ತಿತ್ತು. ಔಷಧಿ ನಿಜವಾಗಿದ್ದರೆ ಅಕ್ಕನ ಕಾಲು ಉಳಿಯುತ್ತದೆ. ಅಲ್ಲದಿದ್ದರೆ ಕಾಯುವ ಒಂದೊಂದು ದಿನವೂ ಕಾಲಿನ ಲೆಕ್ಕಕ್ಕೇ ಬರುತ್ತದೆ.

ಅವನು ಮಧ್ಯದ ಸಾಲಿಗೆ ಸರಿದು ಒಂದು ಪಂಜರಕ್ಕೆ ಕೈ ಹಾಕಿದ. ಪಕ್ಕದ್ದಕ್ಕೆ ಹಾಕಿದ. ಕೆಳಗಿನದ್ದಕ್ಕೆ ಬಗ್ಗಿ ಹಾಕಿದ; ಸೊಂಟ ಲಟಕ್ ಎಂದಿತು.

ಒಣ. ಎಲ್ಲವೂ ಗರಿಗರಿ ಒಣ. ಬಾಟಲಿಗಳಲ್ಲಿ ನೀರು ಕುತ್ತಿಗೆಯ ಹತ್ತಿರವೇ ನಿಂತಿತ್ತು.

"ಇದನ್ನ ಯಾವಾಗ ಬದಲಾಯಿಸಿದ್ದು?"

ಪಂಜರ ತೊಳೆಯುವವನು ಮೊದಲು ಅತ್ತಿತ್ತ ನೋಡಿದ, ಆಮೇಲೆ ಸೂರಿನ ಮೂಲೆಯಲ್ಲಿ ಮಿನುಗುತ್ತಿದ್ದ ಕ್ಯಾಮೆರಾದ ಕೆಂಪು ದೀಪ ನೋಡಿದ. "ಅದು ಕೆಟ್ಟು ತಿಂಗಳುಗಳೇ ಆಯ್ತಂತೆ ಸರ್, ಆದ್ರೂ ನಂಗೆ ಅದರ ಮುಂದೆ ಕೂರೋಕೆ ಭಯ. ಅದಕ್ಕೇ ಒರಗ್ತೀನಿ ಅಷ್ಟೇ." ಕ್ಯಾಮೆರಾ ಕೆಟ್ಟಿರುವ ವಿಷಯ ಇನ್ಸ್‌ಪೆಕ್ಟರಿಗೂ ತಿಳಿದಿತ್ತು. ಸಂಸ್ಥೆಯ ನಿರ್ದೇಶಕಿ, ಇಲ್ಲಿಯವರೆಲ್ಲ ದೊಡ್ಡಮೇಡಂ ಎನ್ನುವಾಕೆ, ಮೊದಲ ದಿನವೇ ಬೇಸರದಿಂದ ಹೇಳಿದ್ದರು. ಇಲ್ಲದಿದ್ದರೆ ನಿಮಗೆ ಎಷ್ಟು ಸಹಾಯ ಆಗ್ತಿತ್ತು ಅಲ್ವಾ, ಎಂದೂ ಸೇರಿಸಿದ್ದರು.

ಸುತ್ತಿಬಳಸಿ ಕೊನೆಗೆ ಪಂಜರ ತೊಳೆಯುವವನು ಬಾಯಿಬಿಟ್ಟ. ಸಕ್ಕರೆ ಇಲಿಗಳ ಹೊಟ್ಟನ್ನು ದಿನಾ ಬದಲಾಯಿಸಬೇಕು, ಆರೋಗ್ಯದವಕ್ಕೆ ವಾರಕ್ಕೆರಡು ಸಲ ಸಾಕು, ಅದು ಇಲ್ಲಿಯ ಕ್ರಮ. ಆದರೆ ಮಧ್ಯದ ಸಾಲು ಈಚೆಗೆ ಒದ್ದೆಯಾಗುವುದೇ ನಿಂತುಹೋಯಿತು. ಒಣಗಿರುವುದನ್ನು ಎತ್ತಿ ಬಿಸಾಡಲು ತನಗೇನು ಹುಚ್ಚೇ? ಅದಕ್ಕೇ ದಿನಾ ಮಾಡುವುದನ್ನು ಬಿಟ್ಟುಬಿಟ್ಟಿದ್ದ. ಪಶುವೈದ್ಯರಿಗೆ ಅದು ಗೊತ್ತಾಗಿ, ಮೈಗಳ್ಳ ಎಂದು ಬಾಯಿಗೆ ಬಂದ ಹಾಗೆ ಬೈದಿದ್ದರು. ನೀವೇ ಮುಟ್ಟಿ ನೋಡಿ ಸರ್, ಎಂದು ಇವನೂ ತಿರುಗಿ ಹೇಳಿದ್ದ. ಅವರು ಮುಟ್ಟಿ ನೋಡಿದರು. ಆಮೇಲೆ ಬೈಯುವುದನ್ನು ನಿಲ್ಲಿಸಿ ಬಲಸಾಲಿನದ್ದನ್ನೂ ಮುಟ್ಟಿ ನೋಡಿದರು.

"ಯಾವತ್ತು ಇದು?"

"ಅವರು ಹೋಗೋಕೆ ಒಂದೆರಡು ದಿನ ಮುಂಚೆ. ಇನ್ನೊಂದು ಹೇಳ್ಬಿಡ್ತೀನಿ ಸರ್, ನನ್ನ ತಪ್ಪು ಅಂತ ಆಮೇಲೆ ಬರೋದು ಬೇಡ. ಎಡಸಾಲಿನ ಕೆಳಗಡೆ ಮೂಲೆಯ ಬಾಟಲಿ ಸೋರುತ್ತೆ. ತುಂಬಿಸಿದಷ್ಟೂ ಖಾಲಿ. ಬೇರೆ ಕೊಡಿ ಅಂದ್ರೆ ಯಾರೂ ಕೊಡಲ್ಲ."

ಸೋರುವ ಬಾಟಲಿಯ ಪಂಚಾಯಿತಿ ಯಾರಿಗೆ ಬೇಕಿತ್ತು? ಇನ್ಸ್‌ಪೆಕ್ಟರ್ ಆಗಲಿ ಎಂಬಂತೆ ತಲೆಯಾಡಿಸಿದ. ಅವನ ಮನಸ್ಸು ಮನೆಯಲ್ಲಿತ್ತು. ಸಕ್ಕರೆ ಏರಿದ ದಿನ ಅಕ್ಕ ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ. ಕುಡಿದದ್ದು ನಿಲ್ಲುವುದಿಲ್ಲ, ಬಚ್ಚಲಿಗೆ ಎದ್ದೆದ್ದು ಹೋಗುತ್ತಾಳೆ, ಒಮ್ಮೊಮ್ಮೆ ಅಲ್ಲಿಯವರೆಗೂ ತಡೆಯಲಾಗದೆ ಹಾಸಿಗೆಯಲ್ಲೇ ಆಗಿಬಿಡುತ್ತದೆ, ಆಗ ಗೋಡೆಗೆ ಮುಖ ತಿರುಗಿಸಿಕೊಂಡು ಮಲಗುತ್ತಾಳೆ. ಅವಳ ಹಾಸಿಗೆ ಎಷ್ಟು ಸಲ ಬದಲಾಯಿಸಿದ್ದಾನೋ ಅವನಿಗೇ ಲೆಕ್ಕವಿಲ್ಲ. ಸಕ್ಕರೆ ಇದ್ದ ಕಡೆ ಹಾಸಿಗೆ ಒಣಗಿರುವುದಿಲ್ಲ. ಅದು ಮನುಷ್ಯರಾದರೇನು, ಇಲಿಯಾದರೇನು.

ಪಂಜರ ತೊಳೆಯುವವನನ್ನು ಚಹಾ ಕುಡಿದು ಬಾ ಎಂದು ಕಳಿಸಿ, ಸಂಶೋಧಕನನ್ನು ಕರೆಸಿದ.

ಸಂಶೋಧಕನಿಗೆ ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಹಲ್ಲುನೋವು ಎಂದು ಹೆಸರಿಟ್ಟಿದ್ದ. ಯಾವಾಗ ನೋಡಿದರೂ ಒಂದು ಕೆನ್ನೆ ಒಳಗೆ ಕಚ್ಚಿಕೊಂಡಿರುವ ಮುಖ. ಮಧ್ಯದ ಸಾಲಿನ ಪ್ರಯೋಗ ಪೂರ್ತಿ ಅವನದು. ಚುಚ್ಚುವವನೂ ಅವನೇ, ಅಳೆಯುವವನೂ ಅವನೇ. ಬಂದವನು ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಇನ್ನೂ ಏನಾದರೂ ಕೇಳುವುದಿತ್ತೇ ಎಂದ. ಕೇಳಬೇಡಿ ಎನ್ನುವ ದನಿ ಅದು.

ಇನ್ಸ್‌ಪೆಕ್ಟರ್ ಚೀಲದಿಂದ ಅಕ್ಕನ ಗ್ಲೂಕೋಮೀಟರ್ ತೆಗೆದು ಮೇಜಿನ ಮೇಲಿಟ್ಟ. ಸ್ಟ್ರಿಪ್ ಮುಗಿದಿತ್ತೆಂದು ಬೆಳಿಗ್ಗೆ ಔಷಧಿ ಅಂಗಡಿಗೆ ಒಯ್ದದ್ದು ಹೊಸ ಸ್ಟ್ರಿಪ್ ಸಮೇತ ಹಾಗೇ ಚೀಲದಲ್ಲಿ ಉಳಿದಿತ್ತು.

"ಇದು ಇಲಿಗೂ ನಡೆಯುತ್ತಾ?"

ಹಲ್ಲುನೋವು ಅದನ್ನು ಎತ್ತಿ ತಿರುಗಿಸಿ ನೋಡಿದ. "ನಡೆಯುತ್ತೆ. ಆದ್ರೆ ಯಾಕೆ?"

"ಸುಮ್ನೆ. ಬಲಸಾಲಿಂದ ಒಂದು, ಮಧ್ಯದಿಂದ ಒಂದು. ಬಾಲದಲ್ಲಿ ಒಂದು ಹನಿ ರಕ್ತ ತೆಗೀರಿ, ನಂಗೆ ಅಭ್ಯಾಸ ಇಲ್ಲ."

ಅನುಮತಿ ಬೇಕು, ಪ್ರಯೋಗಕ್ಕೆ ತೊಂದರೆಯಾಗುತ್ತದೆ, ದೊಡ್ಡಮೇಡಂ ಊಟಕ್ಕೆಂದು ಹೊರಗೆ ಹೋಗಿದ್ದಾರೆ, ಬರಲಿ, ಎಂದು ಅವನು ಏನೇನೋ ಹೇಳಿದ. ಇನ್ಸ್‌ಪೆಕ್ಟರ್ ಒಂದಕ್ಕೂ ಎದುರಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತು, ಕಣ್ಣು ಮುಚ್ಚಿದ. ನಿದ್ದೆಗೆಟ್ಟ ಮನುಷ್ಯನಿಗೆ ಕಾಯುವುದೇನು ಕಷ್ಟ? ಎಲ್ಲಿ ಕೂರಿಸಿದರೂ ವಿಶ್ರಾಂತಿಯೇ. ಕೊನೆಗೆ ಪಂಜರದ ಮುಚ್ಚಳ ತೆಗೆದ ಸದ್ದಾಯಿತು.

ಬಲಸಾಲಿನ ಇಲಿಯ ರಕ್ತಕ್ಕೆ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅಳತೆಗೆ ಸಿಗದಷ್ಟು ಜಾಸ್ತಿ ಎಂದಿತು. ಮಧ್ಯದ ಸಾಲಿನದ್ದಕ್ಕೆ ಸಲೀಸಾಗಿ ನೂರರ ಆಸುಪಾಸಿನ ಒಂದು ಅಂಕಿ.

"ನನ್ನ ಶುಗರಿಗಿಂತ ಚೆನ್ನಾಗಿದೆಯಲ್ರೀ," ಎಂದ ಇನ್ಸ್‌ಪೆಕ್ಟರ್.

"ಔಷಧಿ ಕೆಲಸ ಮಾಡಿದೆ ಸರ್. ಅದಕ್ಕೇ ಕಡಿಮೆಯಾಗಿದೆ."

"ಈ ಔಷಧಿ ಸಕ್ಕರೆಯನ್ನ ಮುಟ್ಟಲ್ಲ, ನರಕ್ಕೆ ಮಾತ್ರ ಅಂತ ಮೊದಲ ದಿನ ಹೇಳಿದ್ದು ನೀವೇ. ಇನ್ಸುಲಿನ್ ನಿಲ್ಲಿಸಬೇಡಿ, ಇದರಿಂದ ಸಕ್ಕರೆ ಇಳಿಯಲ್ಲ ಅಂತ ನಮ್ಮಕ್ಕನಿಗೂ ಹತ್ತು ಸಲ ಹೇಳಿ ಕಳಿಸಿದ್ರಿ. ಇಲಿಗೊಂದು, ಅಕ್ಕನಿಗೊಂದು ನ್ಯಾಯಾನಾ?"

ಹಲ್ಲುನೋವು ಇಲಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಇಲಿ ಅವನ ತೋಳಿನ ಮೇಲೆ ಹತ್ತಿ, ಕಾಲರಿನ ಹತ್ತಿರ ಹೋಗಿ ಮೂಸುತ್ತಿತ್ತು. ಅಷ್ಟು ಆರೋಗ್ಯವಾದ ಇಲಿ.

"ಇದಕ್ಕೆ ಸಕ್ಕರೆ ಕಾಯಿಲೆ ಯಾವತ್ತೂ ಬಂದಿಲ್ಲ. ಹೌದೋ ಅಲ್ವೋ ಅಷ್ಟು ಹೇಳಿ. ನಂಗೂ ಸುಸ್ತಾಗಿದೆ, ನಿಮಗೂ ಸುಸ್ತಾಗಿದೆ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಸುಸ್ತಾಗಿದೆ ಎಂಬ ಮಾತಿಗೆ ಅವನ ಕೆನ್ನೆ ಸಡಿಲವಾಯಿತು. ಇಲಿಯನ್ನು ಪಂಜರಕ್ಕೆ ಬಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈ ಊರಿ ನಿಂತ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತಂತೆ. ಸಕ್ಕರೆ ಇಲಿಗಳು ಪಾದದ ಉರಿ ತಾಳದೆ ಅದನ್ನು ನೆಕ್ಕುತ್ತಿರುತ್ತವೆ, ಕೊಡವುತ್ತಿರುತ್ತವೆ. ಔಷಧಿ ಕೊಟ್ಟ ಕೆಲವೇ ದಿನದಲ್ಲಿ ಮಧ್ಯದ ಸಾಲು ಶಾಂತವಾಯಿತು. ನೆಕ್ಕುವುದು ನಿಂತಿತು, ಓಡಾಡತೊಡಗಿದವು. ಇಡೀ ಸಂಸ್ಥೆಯೇ ಕುಣಿದಾಡಿತು. ದೊಡ್ಡಮೇಡಂ ಅವತ್ತೇ ಎಲ್ಲ ಕಡೆ ಫೋನ್ ಮಾಡಿ ಹೇಳಿಬಿಟ್ಟರು.

"ಆಮೇಲೆ?"

"ಬಿಸಿ ತಟ್ಟೆ ಅಂತ ಒಂದಿದೆ ಸರ್. ಇಲೀನ ಅದರ ಮೇಲೆ ಬಿಟ್ಟು ಮೆಲ್ಲಗೆ ಬಿಸಿ ಮಾಡ್ತೀವಿ. ತಡೆಯೋಕೆ ಆಗದೇ ಇದ್ದಾಗ ಅದು ಕಾಲೆತ್ತುತ್ತೆ, ನಾವು ತಕ್ಷಣ ನಿಲ್ಲಿಸ್ತೀವಿ. ನರ ಸರಿಹೋಗಿದ್ರೆ ಬೇಗ ಎತ್ತಬೇಕು." ಅವನು ತುಟಿ ಒರೆಸಿಕೊಂಡ. "ಇವು ಎತ್ತಲೇ ಇಲ್ಲ. ಯಂತ್ರ ತಾನಾಗೇ ಆಫ್ ಆಗೋವರೆಗೂ ಸುಮ್ಮನೆ ನಿಂತಿದ್ವು. ಉರಿ ಹೋಗಿದ್ದು ನರ ಚಿಗುರಿದ್ದಕ್ಕಲ್ಲ ಸರ್. ಉಳಿದಿದ್ದ ನರಾನೂ ಸತ್ತಿತ್ತು."

ಇನ್ಸ್‌ಪೆಕ್ಟರ್ ಸ್ಟೂಲಿನಿಂದ ಎದ್ದ. ಎದ್ದದ್ದು ಯಾಕೆಂದು ತಿಳಿಯದೆ ಮತ್ತೆ ಕುಳಿತ.

ಉಳಿದದ್ದನ್ನು ಹಲ್ಲುನೋವು ಗೋಡೆಗೆ ಹೇಳಿದಂತೆ ಹೇಳಿದ. ಗಾಯಗಳು ಕಪ್ಪಾದವು. ಇಲಿಗಳು ತಮ್ಮ ಬೆರಳುಗಳನ್ನೇ ತಾವೇ ಕಡಿದುಕೊಂಡವು, ಯಾರದೋ ಕಾಲು ಎಂಬ ಹಾಗೆ. ದೊಡ್ಡಮೇಡಂಗೆ ಹೋಗಿ ಹೇಳಿದರೆ ಅವರು ಕೂಗಾಡಲಿಲ್ಲ. ಮಧ್ಯದ ಸಾಲು ಹಾಗಾಗಲು ಸಾಧ್ಯವಿಲ್ಲ, ನೀನೇ ಎಲ್ಲೋ ಎಡವಿದ್ದೀಯ, ಹೋಗಿ ಸರಿಮಾಡು, ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡರು. ಅವನು ಸರಿಮಾಡಿದ. ಅದೇ ತಳಿಯ ಆರೋಗ್ಯವಂತ ಇಲಿಗಳನ್ನು ತರಿಸಿ, ಕಿವಿಗೆ ಅದೇ ಗುರುತು ಹಾಕಿ, ಪಾದದ ಮೇಲೆ ಅಂಥದ್ದೇ ಗಾಯ ಮಾಡಿ ಮಧ್ಯದ ಸಾಲಿಗೆ ಬಿಟ್ಟ. ಆರೋಗ್ಯವಂತ ಇಲಿಯ ಗಾಯ ಮಾಯದೆ ಇರುತ್ತದೆಯೇ? ಚೆನ್ನಾಗಿ ಮಾಯಿತು. ಸತ್ತವು ಮತ್ತು ಸಾಯುತ್ತಿದ್ದವು ಪ್ರಾಣಿಗಳ ಹೆಣ ಸುಡುವ ಕುಲುಮೆಗೆ ಹೋದವು. ಎಲ್ಲವನ್ನೂ ಯೋಚಿಸಿದ್ದ. ಅವು ಹಾಸಿಗೆ ಒದ್ದೆ ಮಾಡುವುದಿಲ್ಲ ಎಂಬುದೊಂದನ್ನು ಯೋಚಿಸಿರಲಿಲ್ಲ. ಪಂಜರ ತೊಳೆಯುವುದು ಅವನ ಕೆಲಸವಾಗಿರಲಿಲ್ಲವಲ್ಲ.

"ನನ್ನ ಅಕ್ಕನಿಗೆ ಚುಚ್ಚಿದ್ದು ಅದೇ ಔಷಧೀನಾ?"

ಅವನು ಪಂಜರದ ಮುಚ್ಚಳ ಸರಿಮಾಡತೊಡಗಿದ.

"ಕೇಳಿದ್ದಕ್ಕೆ ಹೇಳ್ರೀ."

"ಅದೇ ಸರ್."

ಎದುರಿಗಿದ್ದವನ ಕೊರಳಪಟ್ಟಿ ಹಿಡಿಯಬೇಕು ಎನ್ನಿಸಿತು ಇನ್ಸ್‌ಪೆಕ್ಟರಿಗೆ. ಕೈ ಎದ್ದಿತು ಕೂಡ. ಆದರೆ ಆ ಕಾಗದಕ್ಕೆ ಸಹಿ ಹಾಕಿದ್ದೂ ಇದೇ ಕೈ ಎಂದು ನೆನಪಾಗಿ, ಇಳಿಸಿದ. ಸಿಟ್ಟು ಮಾಡಲೂ ಒಂದಿಷ್ಟು ಶಕ್ತಿ ಬೇಕಾಗುತ್ತದೆ.

"ಪಶುವೈದ್ಯರನ್ನ ತಳ್ಳಿದ್ದು ಯಾರು?"

"ನಾನಲ್ಲ. ನನ್ನ ಮಕ್ಕಳಾಣೆ ಸರ್." ಪಶುವೈದ್ಯರು ಎರಡು ಚೀಲ ಹೊಟ್ಟು ಹಿಡಿದು ನೇರವಾಗಿ ತನ್ನ ಬಳಿಗೇ ಬಂದಿದ್ದರು, ಎಂದ. ನಾಳೆಯೊಳಗೆ ನೀನೇ ಹೋಗಿ ನಿಜ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ, ಎಂದಿದ್ದರಂತೆ. ಅವನು ಒಪ್ಪಿಕೊಂಡಿದ್ದ. ಬೆಳಗಾಗುವಷ್ಟರಲ್ಲಿ ಅವರು ಮೆಟ್ಟಿಲ ಬುಡದಲ್ಲಿದ್ದರು. "ಅವರಿಗೆ ಗೊತ್ತಾಗಿರೋ ವಿಷಯ ನಾನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ ಸರ್. ದೊಡ್ಡಮೇಡಂಗೂ ಹೇಳಿರಲಿಲ್ಲ. ಯಾರಿಗೆ ಹೇಗೆ ಗೊತ್ತಾಯ್ತೋ ದೇವರಿಗೇ ಗೊತ್ತು."

ಸುಳ್ಳು ಹೇಳುವವರ ಮುಖಗಳನ್ನು ನೋಡಿಯೇ ಇನ್ಸ್‌ಪೆಕ್ಟರನ ಕೂದಲು ಬೆಳ್ಳಗಾಗಿದ್ದವು. ಈ ಮುಖ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಈ ಮಾತಿನಿಂದ ನಯಾಪೈಸೆ ಉಪಯೋಗವೂ ಇರಲಿಲ್ಲ. ನಾಳೆ ನ್ಯಾಯಾಲಯದಲ್ಲಿ ಇವನು ತಿರುಗಿಬಿದ್ದರೆ? ಆರೋಗ್ಯವಂತ ಇಲಿಗಳನ್ನು ತೋರಿಸಿ ಔಷಧಿ ಕೆಟ್ಟದ್ದೆಂದು ಹೇಳುವುದು ಹೇಗೆ? ಇಂದು ಸಂಜೆಯೇ ಎಲ್ಲ ರೋಗಿಗಳ ಚುಚ್ಚುಮದ್ದು ನಿಲ್ಲಿಸಬೇಕಾದರೆ ಕಣ್ಣಿಗೆ ಕಾಣುವ ಪುರಾವೆ ಬೇಕು.

"ಒಂದೂ ಉಳಿದಿಲ್ವಾ?"

"ಒಂದನ್ನ ಉಳಿಸಿದ್ದೀನಿ ಅಂತ ಪಶುವೈದ್ಯರು ಹೇಳಿದ್ರು. ಬಲಸಾಲಿನವು ಅಂತ ಹೇಳಿ ನಾನು ಕುಲುಮೆಗೆ ಕಳಿಸೋಕೆ ಕೊಟ್ಟಿದ್ದರಲ್ಲಿ ಒಂದಕ್ಕೆ ಇನ್ನೂ ಜೀವ ಇತ್ತಂತೆ, ಮನಸ್ಸು ಬರಲಿಲ್ಲ ಅಂದ್ರು. ಎಲ್ಲಿಟ್ಟಿದಾರೆ ಅಂತ ಹೇಳಲಿಲ್ಲ. ನಾನು ಇಡೀ ಕಟ್ಟಡ ಹುಡುಕಿದೀನಿ."

ಇನ್ಸ್‌ಪೆಕ್ಟರ್ ಸುತ್ತ ನೋಡಿದ. ಸಾಲುಸಾಲು ಬಿಳಿ ಇಲಿಗಳು, ಎಲ್ಲವೂ ಒಂದರಂತೆ ಒಂದು. ಇಲಿಯನ್ನು ಬಚ್ಚಿಡಲು ಇಲಿಗಳ ನಡುವಿಗಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ? ಅದೂ ಯಾರೂ ತಿರುಗಿ ನೋಡದ ಸಾಲಿನಲ್ಲಿ. ಆದರೆ ಸಕ್ಕರೆ ಇಲಿ ಎಲ್ಲಿದ್ದರೂ ನೀರು ಕುಡಿಯಬೇಕು. ತುಂಬಿಸಿದಷ್ಟೂ ಖಾಲಿ ಮಾಡಬೇಕು.

ಅವನು ನಿಟ್ಟುಸಿರಿಟ್ಟ. ಸೋರುವ ಬಾಟಲಿಯಂತೆ!

ಎಡಸಾಲಿನ ಮುಂದೆ ಮೊಣಕಾಲೂರಿ, ಕೆಳಗಿನ ಮೂಲೆಯ ಪಂಜರವನ್ನು ಎಳೆದ. ಬಾಟಲಿಯಲ್ಲಿ ತಳಕ್ಕೆ ಅಂಟಿಕೊಂಡಷ್ಟು ನೀರಿತ್ತು. ಹೊರಗೆಲ್ಲೂ ಒಂದು ಹನಿ ಸೋರಿರಲಿಲ್ಲ. ಹೊಟ್ಟಿನೊಳಗೆ ಬೆರಳಿಟ್ಟ. ಒದ್ದೆ.

ಇಲಿ ಮೂಲೆಯಲ್ಲಿ ಕುಳಿತು ತಿನ್ನುತ್ತಿತ್ತು. ಬಡಕಲಾಗಿ, ರೋಮ ಕೆದರಿತ್ತು. ಎರಡೂ ಮುಂಗಾಲಲ್ಲಿ ಆಹಾರದ ತುಂಡು ಹಿಡಿದುಕೊಂಡು, ಅವಸರವಿಲ್ಲದೆ, ಆರಾಮಾಗಿರುವ ಯಾವ ಪ್ರಾಣಿಯಾದರೂ ತಿನ್ನುವ ಹಾಗೆ ತಿನ್ನುತ್ತಿತ್ತು. ಹಿಂಗಾಲೊಂದರಲ್ಲಿ ಬೆರಳುಗಳಿರಲಿಲ್ಲ. ಪಾದ ಕಪ್ಪಾಗಿ, ಸುಟ್ಟ ಕಡ್ಡಿಯಂತೆ ಚಾಚಿಕೊಂಡಿತ್ತು. ಇನ್ಸ್‌ಪೆಕ್ಟರ್ ಅದನ್ನು ಮೆಲ್ಲಗೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಆ ಕಾಲು ಅವನ ಹೆಬ್ಬೆರಳಿಗೆ ಒತ್ತಿತು. ಇಲಿ ತಿನ್ನುವುದನ್ನು ನಿಲ್ಲಿಸಲಿಲ್ಲ.

"ಇದಕ್ಕೆ ನೋವಾಗ್ತಿಲ್ವಾ?"

"ಇಲ್ಲ ಸರ್," ಎಂದ ಹಲ್ಲುನೋವು. ಆಮೇಲೆ ಮುಖ ಮುಚ್ಚಿಕೊಂಡು ಅಳತೊಡಗಿದ.

ಫೋನ್ ಬಡಿದುಕೊಂಡಿತು. ಅಕ್ಕ. ಇನ್ಸ್‌ಪೆಕ್ಟರ್ ಇಲಿಯನ್ನು ಎಡಗೈಗೆ ವರ್ಗಾಯಿಸಿ, ಬಲಗೈಯಿಂದ ಫೋನ್ ಕಿವಿಗೊತ್ತಿಕೊಂಡ.

"ಲೋ, ಊಟ ಮಾಡಿದ್ಯೇನೋ?" ಅಕ್ಕನ ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಹುರುಪು. ಅವನಿಗೆ ಬಾಯಿ ತೆರೆಯಲೂ ಬಿಡದೆ ಹೇಳುತ್ತ ಹೋದಳು. ಬೆಳಿಗ್ಗೆಯಿಂದ ಕಾಲಿನ ಉರಿ ಪೂರ್ತಿ ನಿಂತುಹೋಗಿದೆಯಂತೆ. ಹೊಲಿಗೆ ಯಂತ್ರದ ಮುಂದೆ ಕುಳಿತು ಅವನ ಒಂದು ಅಂಗಿಯ ತೋಳು ಸರಿಮಾಡಿ ಮುಗಿಸಿದಳಂತೆ. "ಕಾಲು ಇದೆಯೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ ಕಣೋ. ಅಷ್ಟು ಹಾಯಾಗಿದೆ. ನಾನು ಹೇಳಿರಲಿಲ್ವಾ ನಿಂಗೆ?"

ಅಂಗೈಯಲ್ಲಿ ಇಲಿ ತಿಂದು ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿತ್ತು.

"ಅಕ್ಕ, ನಾನು ಹೇಳೋದು ಕೇಳು. ಯಂತ್ರದಿಂದ ಏಳು. ಕಾಲು ಮೇಲಿಟ್ಟು ಮಲಗು. ನಾನು ಈಗಲೇ ಬರ್ತೀನಿ, ಆಸ್ಪತ್ರೆಗೆ ಹೋಗೋಣ. ಎರಡನೇ ಇಂಜೆಕ್ಷನ್ ಮಾತ್ರ ತಗೋಬೇಡ. ಯಾರು ಕರೆದ್ರೂ ಹೋಗಬೇಡ."

"ಹೋಗೋದ್ಯಾಕೋ? ಅವರೇ ಮನೆಗೆ ಬಂದಿದಾರೆ." ಅಕ್ಕ ದನಿ ತಗ್ಗಿಸಿ, ಮನೆಗೆ ದೊಡ್ಡವರು ಬಂದಾಗ ಮಾತ್ರ ಬರುವ ಸಂಕೋಚ ಮತ್ತು ಸಂತೋಷದಲ್ಲಿ ಹೇಳಿದಳು. "ನಿಮ್ಮ ದೊಡ್ಡಮೇಡಂ. ಅಷ್ಟು ದೊಡ್ಡ ಮನುಷ್ಯರು, ಈ ಕಾಲಿಟ್ಕೊಂಡು ನೀವ್ಯಾಕೆ ಬರ್ತೀರಿ ಅಂತ ತಾವೇ ಸೂಜಿ ತಂದಿದಾರೆ. ಆಗಿಂದ ಫೋನ್ ನೋಡ್ತಾ ಕೂತಿದಾರೆ, ಪಾಪ, ಎಷ್ಟು ಕೆಲಸವೋ ಏನೋ. ಇರು, ನಿನ್ನ ಹತ್ರ ಮಾತಾಡಬೇಕಂತೆ. ನಾನು ಒಂಚೂರು ಕಾಫಿಗೆ ಇಡ್ತೀನಿ."

"ಅಕ್ಕ, ಬೇಡ, ಫೋನ್ ಕೊಡ್ಬೇಡ, ಅಕ್ಕ..."

ಫೋನ್ ಕೈ ಬದಲಾಯಿಸಿದ ಸದ್ದು. ದೂರದಲ್ಲಿ ಅಕ್ಕನ ಹೆಜ್ಜೆ. ಒಂದು ಕಾಲು ಎತ್ತಿ ಇಟ್ಟ ಸದ್ದು, ಇನ್ನೊಂದು ಎಳೆದ ಸದ್ದು. ಪಾತ್ರೆಯೊಂದು ಒಲೆಯ ಮೇಲೆ ಕೂತಿತು.

"ಇನ್ಸ್‌ಪೆಕ್ಟರೇ," ಎಂದರು ದೊಡ್ಡಮೇಡಂ. ಮೃದುವಾದ, ದಣಿದ ದನಿ. "ಅವನನ್ನ ಅಳಿಸಬೇಡಿ, ಮೊದಲೇ ಅಂಜುಬುರುಕ."

ಇನ್ಸ್‌ಪೆಕ್ಟರ್ ಮೆಲ್ಲಗೆ ತಲೆಯೆತ್ತಿದ. ಸೂರಿನ ಮೂಲೆಯಲ್ಲಿ, ಕೆಟ್ಟು ತಿಂಗಳುಗಳಾದ ಕ್ಯಾಮೆರಾದ ಕೆಂಪು ದೀಪ ಅವನನ್ನೇ ನೋಡುತ್ತ ಮಿನುಗುತ್ತಿತ್ತು. ಪಶುವೈದ್ಯರು ಎರಡು ಚೀಲಕ್ಕೆ ಹೊಟ್ಟು ತುಂಬಿಕೊಂಡದ್ದೂ ಇದೇ ದೀಪದ ಕೆಳಗೇ.

"ಎಡಗೈಲಿರೋ ಆ ಇಲೀನ ಪಂಜರಕ್ಕೆ ಬಿಡಿ. ಪಂಜರಾನ ಅವನ ಕೈಗೆ ಕೊಡಿ, ಕುಲುಮೆ ಎಲ್ಲಿದೆ ಅಂತ ಅವನಿಗೆ ಗೊತ್ತು. ನಾನು ಇಲ್ಲಿಂದಲೇ ನೋಡ್ತಿರ್ತೀನಿ. ನಿಮ್ಮಕ್ಕನ ಕಾಫಿ ಆಗೋದರೊಳಗೆ ಸೂಜಿ ತುಂಬಬೇಕೋ ಬೇಡವೋ ನೀವೇ ಹೇಳಿ."